ಹಾವಸೆ ಸಾಕಿದ ಬಾಯಾರು

ಈ ವಾರವೆಲ್ಲ ನಮ್ಮ ಮೇಲಿನ ಮನೆಯಿಂದ ಬ್ಲೀಚಿಂಗ್ ಪುಡಿಯ ವಾಸನೆ ಇಳಿದು ಬರುತ್ತಿದೆ. ತೀರಿಹೋದ ಬಾಯಾರ ತಮ್ಮ ಖಾನಾಪುರದಿಂದ ಬಂದು ಮನೆ ತೊಳೆಸುತ್ತಿದ್ದಾರೆ, ಬಾಡಿಗೆಗೆ ಕೊಡಬೇಕಂತೆ. ನಿನ್ನೆ ಶಾಲೆಯಿಂದ ಬರುವಾಗ ಮೆಟ್ಟಿಲ ಮೇಲೆ ಎದುರಾದರು. ಎರಡೂ ಕೈಯಲ್ಲಿ ಖಾಲಿ ಗಾಜಿನ ಪೆಟ್ಟಿಗೆ. "ಅಕ್ಕೋರ, ಛಲೋ ಗಾಜ ಐತ್ರಿ, ಒಗ್ಯಾಕ ಮನಸ ಬರವಲ್ದು. ನಿಮಗ ಬೇಕೇನ್ರಿ? ಮೀನ ಸಾಕಬಹುದು," ಎಂದರು. ಬೇಡ ಎಂದೆ. ಅವರು ಇನ್ನೊಮ್ಮೆ ಕೇಳಿದಾಗ ಅಗತ್ಯಕ್ಕಿಂತ ಜೋರಾಗಿ ಬೇಡ ಎಂದೆ. ಪಾಪ, ಆ ಮನುಷ್ಯನಿಗೆ ನನ್ನ ಸಿಟ್ಟು ಯಾತಕ್ಕೆಂದು ತಿಳಿಯಲಿಲ್ಲ. ಅವರ ಮುಖ ನೋಡಿ ಹೇಳುವುದು ನನ್ನಿಂದಾಗದ ಮಾತು, ಅದಕ್ಕೇ ಬರೆಯುತ್ತಿದ್ದೇನೆ.

ಬಾಯಾರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡೂ ಇಲ್ಲ. ಟಿಳಕವಾಡಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರು ಎಲ್ಲರಿಗೂ ಬಾಯಾರು. ದುಡಿದು ನಿವೃತ್ತರಾದ ಖಾಸಗಿ ದವಾಖಾನೆಯಲ್ಲಿ, ಎಕ್ಸ್‌ರೇ ತೆಗೆಯುತ್ತಿದ್ದರಿಂದ, 'ಎಕ್ಸ್‌ರೇ ಬಾಯಿ'. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಹಾಗಾಗಿ ನಮ್ಮ ಕಡೆಯ ರೂಢಿಯಂತೆ ಅವರಿಗೆ ನಾನು ಅಕ್ಕೋರು. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಆದರೂ ಒಂದು ದಿನವೂ ನನ್ನನ್ನು 'ನೀ' ಎಂದವರಲ್ಲ.

ಅರ್ಧ ಬೆಳಗಾವಿಯ ಎದೆಗಳನ್ನು ಒಳಗಿನಿಂದ ನೋಡಿದ ಹೆಂಗಸು ಅವರು. ಒಮ್ಮೆ ನನ್ನನ್ನೂ ಆ ಕತ್ತಲೆ ಕೋಣೆಯಲ್ಲಿ ನಿಲ್ಲಿಸಿದ್ದರು. ಕನ್ನಡದವರಿಗೆ "ಉಸರು ತಗೋರಿ, ಹಿಡೀರಿ, ಬಿಡ್ರಿ". ಮರಾಠಿಯವರಿಗೆ "ಶ್ವಾಸ್ ಘ್ಯಾ, ಧರಾ, ಸೋಡಾ". ಬಾಗಿಲು ದಾಟಿ ಬರುವ ರೀತಿಯಲ್ಲೇ ಯಾವ ಭಾಷೆಯವರೆಂದು ತಿಳಿಯುತ್ತಿತ್ತಂತೆ. ಒಂದು ಸಲ ಕರೆಂಟು ಹೋದ ಗಡಿಬಿಡಿಯಲ್ಲಿ ಬೈಲಹೊಂಗಲ ಕಡೆಯ ಮುದುಕನೊಬ್ಬನಿಗೆ 'ಹಿಡೀರಿ' ಎಂದವರು 'ಬಿಡ್ರಿ' ಎನ್ನುವುದನ್ನು ಮರೆತೇಬಿಟ್ಟರಂತೆ. ಜನರೇಟರ್ ಶುರುವಾಗಿ ನೋಡಿದರೆ ಮುದುಕ ಇನ್ನೂ ಕೆನ್ನೆ ಉಬ್ಬಿಸಿಕೊಂಡು ಕೆಂಪಗಾಗಿ ನಿಂತಿದ್ದಾನೆ! "ಬಾಯಾರು ಹೇಳೂ ತನಕ ಬಿಡಬಾರ್ದು ಅಂತ ಹಿಡ್ಕೊಂಡಿದ್ನಿರಿ," ಎಂದನಂತೆ. ಇದನ್ನು ಹೇಳಿ ಬಾಯಾರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಆ ನಗು ಕೆಮ್ಮಿನಲ್ಲಿ ಮುಗಿಯುವ ದಿನಗಳು ಆಗಿನ್ನೂ ಬಂದಿರಲಿಲ್ಲ.

ಜೈನರ ಮನೆತನ. ಗಡ್ಡೆ ತರಕಾರಿ ಮುಟ್ಟುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುತ್ತಿರಲಿಲ್ಲ. ಹುಳ, ಇರುವೆ ತುಳಿದೇನೆಂದು ನೆಲ ನೋಡಿಕೊಂಡೇ ನಡೆಯುವರು. ಅವರು ಹೊಸದಾಗಿ ಬಂದಾಗ ನನ್ನ ಗಂಡ, "ಮ್ಯಾಲಿನ ಮನಿ ಬಾಯಾರು ಏನೋ ಕಳಕೊಂಡಾರ, ದಿನಾ ಹುಡಕ್ತಾರ ನೋಡು," ಎಂದಿದ್ದರು. ಮದುವೆ ಮಾಡಿಕೊಂಡವರಲ್ಲ. ಕೊರಳಲ್ಲಿ ಕರಿ ದಾರಕ್ಕೆ ಒಂದು ಭೂತಗನ್ನಡಿ ಜೋತಾಡುತ್ತಿತ್ತು. ಒಂದು ಸೀಮಂತದಲ್ಲಿ ಯಾರೋ ಇದೇನೆಂದು ಕೇಳಿದ್ದಕ್ಕೆ, "ನನ್ನ ತಾಳಿರಿ," ಎಂದುಬಿಟ್ಟರು. ಕೇಳಿದ ಹೆಂಗಸು ಮತ್ತೆ ಅವರ ಬಾಜು ಕುಳಿತುಕೊಳ್ಳಲಿಲ್ಲ.

ಹಾವಸೆಯ ನಂಟು ಶುರುವಾದದ್ದು ನಮ್ಮ ಕಣ್ಣೆದುರಿಗೇ. ಬೆಳಗಾವಿಯ ಮಳೆ ಒಮ್ಮೆ ಹಿಡಿಯಿತೆಂದರೆ ಒಗೆದ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ನಮ್ಮ ತಾರಸಿಯೂ ಆ ವರ್ಷ ಪಾಚಿ ಹಿಡಿದು ಹಸಿರುಗಟ್ಟಿತ್ತು. ಯಾರೋ ಜಾರಿ ಬಿದ್ದು ಕೈ ಮುರಿದುಕೊಂಡ ಮೇಲೆ ಎಲ್ಲರೂ ಸಭೆ ಕೂಡಿ, ಬ್ಲೀಚಿಂಗ್ ಪುಡಿ ಸುರಿದು ಕೆರೆಸುವುದೆಂದು ಠರಾವು ಮಾಡಿದೆವು. ಬಾಯಾರು ಒಂದು ದಿನದ ವಾಯಿದೆ ಕೇಳಿದರು. ಮರುದಿನ ಬೆಳಿಗ್ಗೆ ಬಟ್ಟೆ ಹಾಕಲು ಹೋದರೆ, ಕುಕ್ಕರಗಾಲಲ್ಲಿ ಕುಳಿತು ಹಳೆಯ ಎಕ್ಸ್‌ರೇ ಫಿಲ್ಮಿನ ಅಂಚಿನಿಂದ ಹಾವಸೆಯನ್ನು ಹೋಳು ಹೋಳಾಗಿ ಎಬ್ಬಿಸಿ ಮೊರಕ್ಕೆ ತುಂಬುತ್ತಿದ್ದಾರೆ.

"ಏನ್ರಿ ಬಾಯಾರ ಇದು, ಪಲ್ಯಾ ಮಾಡ್ತೀರೇನ?" ಎಂದೆ.

"ಅಕ್ಕೋರ, ಸೂಜಿ ಮೊನಿ ಮ್ಯಾಲ ಹಿಡಿಸೂವಷ್ಟು ಹಾವಸಿಯೊಳಗ ಲೆಕ್ಕ ಮೀರಿದ ಜೀವ ಇರ್ತಾವಂತ. ನಮ್ಮ ಮುನಿಗಳು ಮಳಿಗಾಲದಾಗ ಇಂಥಾ ಜೀವ ತುಳೀತೇವಿ ಅಂತ ಊರಿಂದ ಊರಿಗೆ ಅಡ್ಡಾಡಂಗಿಲ್ಲ. ಅಂಥಾದ್ದರ ಮ್ಯಾಲ ಪುಡಿ ಸುರದ್ರ ನನಗ ನಿದ್ದಿ ಹತ್ತೂದಿಲ್ರಿ."

"ಹಂಗಾರ ಏನ್ ಮಾಡ್ತೀರಿ ಇದನ್ನ?"

"ಇಟಗೋತೇನಿ," ಎಂದರು, ಉಪ್ಪಿನಕಾಯಿ ಇಟ್ಟುಕೊಳ್ಳುವವರ ಹಾಗೆ.

"ಮಂದಿ ನಾಯಿ ಸಾಕ್ತಾರ, ಬೆಕ್ಕ ಸಾಕ್ತಾರ. ಇವರು ಹಾವಸಿ ಸಾಕ್ತಾರ," ಎಂದು ನನ್ನ ಗಂಡ ಕಂಡಕಂಡವರಿಗೆ ಹೇಳಿದರು. ಯಾರೋ ಬಿಟ್ಟುಹೋಗಿದ್ದ ಮೀನಿನ ತೊಟ್ಟಿಯಲ್ಲಿ ಬಾಯಾರು ಅದನ್ನು ಹಾಸಿದರು. ತಾರಸಿಯ ಹಾವಸೆ ಒಳಮನೆಗೆ ಒಗ್ಗದೆ ಆ ಬೇಸಿಗೆಗೇ ಕಪ್ಪಾಗಿ ಹೋಯಿತು. ಅವರು ಎರಡು ದಿನ ಉಪವಾಸ ಮಾಡಿದರು. ಹಾವಸೆಗೆ ಸೂತಕ ಹಿಡಿದವರನ್ನು ನಾನು ಅಂದೇ ಮೊದಲು ನೋಡಿದ್ದು. ನಗು ಬಂದಿತ್ತು, ನಗಲಿಲ್ಲ.

ಆರ್ಕಿಡ್ಡುಗಳು ಆಮೇಲೆ ಬಂದವು. ತಮ್ಮನ ಮನೆಗೆಂದು ಖಾನಾಪುರಕ್ಕೆ ಹೋದವರು, ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಯಾರದೋ ಲಗ್ನಕ್ಕೆ ಹೋಗಿ ತಿರುಗಿ ಬರುತ್ತಿದ್ದಾಗ, ಒಂದು ತಿರುವಿನಲ್ಲಿ ಗಾಳಿಗೆ ಮುರಿದುಬಿದ್ದ ಟೊಂಗೆಯೊಂದು ರಸ್ತೆಗೆ ಅಡ್ಡವಾಗಿತ್ತಂತೆ. ಪಕ್ಕದ ದೊಡ್ಡ ನೇರಲ ಮರದ್ದು. ಟೊಂಗೆಯ ತುಂಬ ಹಾವಸೆ, ಹಾವಸೆಯೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಹಸಿರು ಗಡ್ಡೆಗಳು ಒತ್ತೊತ್ತಾಗಿ ಕುಳಿತಿದ್ದವು, ಒಂದೊಂದಕ್ಕೆ ಒಂದೊಂದೇ ಎಲೆ. ಸಣ್ಣ ಜಾತಿಯ ಕಾಡು ಆರ್ಕಿಡ್ಡುಗಳು ಅವು. ಲಾರಿಯ ಟಾಯರಿನ ಕೆಳಗೆ ಹೋಗುವುದನ್ನು ಎತ್ತಿಕೊಂಡು ಬಂದರು. ಕಿತ್ತದ್ದಲ್ಲ, ಬಿದ್ದದ್ದು ಎಂಬ ಮಾತನ್ನು ತೋರಿಸಿದಾಗಲೆಲ್ಲ ಸೇರಿಸುವರು. ಮುಂದೆ ಪ್ರತಿ ಮಳೆಗಾಲವೂ ಅದೇ ತಿರುವಿಗೆ ಹೋಗಿ, ಅದೇ ನೇರಲ ಮರದಿಂದ ಉದುರಿದ್ದನ್ನು ಮಾತ್ರ ಆರಿಸಿ ತರುವುದು ರೂಢಿಯಾಯಿತು. ಬೇರೆ ಮರದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಬದುಕಿದ್ದಾಗ ನಮ್ಮ ಅತ್ತೆ ಒಮ್ಮೆ ಮೇಲೆ ಹೋಗಿ ಇದನ್ನು ನೋಡಿ ಬಂದರು. "ಅದು ಬಂದಳಕಿ. ಹತ್ತಿದ ಗಿಡಾನ ಒಣಗಸ್ತೈತಿ. ಮನ್ಯಾಗ ತರಬಾರ್ದವ್ವಾ," ಎಂದರು. ಬಾಯಾರು ಸಮಾಧಾನದಿಂದ ಬಿಡಿಸಿ ಹೇಳಿದರು: "ಬಂದಳಕಿ ಗಿಡದ ರಸಾ ಕುಡೀತೈತ್ರಿ ಅಮ್ಮಾರ. ಇದು ಸುಮ್ಮ ಮ್ಯಾಲ ಕುಂದರತೈತಿ ಅಷ್ಟ. ಗಾಳ್ಯಾಗಿನ ನೀರ ಕುಡ್ಕೊಂಡು ಇರತೈತಿ, ಯಾರ ತಂಟೆಕ್ಕೂ ಹೋಗೂದಿಲ್ಲ." ಅತ್ತೆ ಮೆಟ್ಟಿಲು ಇಳಿಯುತ್ತ ನನ್ನ ಕಿವಿಯಲ್ಲಿ, "ಯಾರ ತಂಟೆಕ್ಕೂ ಹೋಗದಂಥಾದ್ದು ಈ ಭೂಮಿ ಮ್ಯಾಲ ಏನೈತಿ?" ಎಂದರು.

ನೋಡನೋಡುತ್ತ ಪೆಟ್ಟಿಗೆಗಳು ಮೂರಾದವು. ಮೂರೂ ಮಲಗುವ ಕೋಣೆಯಲ್ಲಿ, ಮಂಚಕ್ಕೆ ಹೊಂದಿಕೊಂಡು. ತಳದಲ್ಲಿ ಹರಳು, ಅದರ ಮೇಲೆ ಇದ್ದಿಲು, ಅದರ ಮೇಲೆ ಟೊಂಗೆಯ ತುಂಡುಗಳು, ಸಂದಿನಲ್ಲೆಲ್ಲ ಹಾವಸೆ, ಮೇಲೊಂದು ಗಾಜಿನ ಮುಚ್ಚಳ. ನೆಗಡಿಯಾದ ಮಕ್ಕಳ ಕೋಣೆಯಲ್ಲಿ ಇಡುತ್ತಾರಲ್ಲ, ಅಂಥ ಮಂಜು ಬಿಡುವ ಯಂತ್ರವೊಂದು ಸದಾ ಉಸುಗುಡುತ್ತಿತ್ತು. ಬೇಸಿಗೆಯ ಒಣಗಾಳಿ ತಾಗಬಾರದೆಂದು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಒಳಗೆ ಹೋದರೆ ಹಗಲೋ ಸಂಜೆಯೋ ತಿಳಿಯುತ್ತಿರಲಿಲ್ಲ, ಕನ್ನಡಕದ ಮೇಲೆ ನೀರು ಕೂಡುತ್ತಿತ್ತು.

ಒಂದು ಮಧ್ಯಾಹ್ನ, "ಬರ್ರಿ ಅಕ್ಕೋರ, ಹೂ ಬಿಟ್ಟೈತಿ," ಎಂದು ಕರೆದೊಯ್ದರು. ಎಲ್ಲಿ ನೋಡಿದರೂ ನನಗೆ ಹೂ ಕಾಣಲಿಲ್ಲ. ಕೊರಳಿನ ಭೂತಗನ್ನಡಿ ತೆಗೆದು ನನ್ನ ಕಣ್ಣಿಗೆ ಹಿಡಿದು, ಮುಚ್ಚಳ ಸರಿಸಿ ಬೆರಳು ತೋರಿಸಿದರು. ಎಳ್ಳಿಗಿಂತ ಒಂದಿಷ್ಟು ದೊಡ್ಡದು, ಒಣಗಿದ ರಕ್ತದ ಬಣ್ಣ, ನಡುವೆ ಒಂದು ನಾಲಿಗೆ. ನಾನು ಉಸಿರು ಬಿಟ್ಟದ್ದಕ್ಕೆ ಆ ನಾಲಿಗೆ ಮೇಲೆ ಕೆಳಗೆ ಅಲ್ಲಾಡಿತು. "ಮಾತಾಡ್ತೈತಿ ನೋಡ್ರಿ," ಎಂದು ಬಾಯಾರು ಹಿಗ್ಗಿದರು. ಖರೆ ಹೇಳಬೇಕೆಂದರೆ ನನಗೆ ಅದು ಚಂದವೆನ್ನಿಸಲಿಲ್ಲ, ಮೈ ಜುಮ್ಮೆಂದಿತು. ಆದರೆ ಅವರ ಮುಖ ನೋಡಿದೆ. ತೊಟ್ಟಿಲಿಗೆ ಬಗ್ಗಿದವರ ಮುಖ ಅದು. ಚಂದ ಐತ್ರಿ ಎಂದೆ.

ಇಂಥ ಪೆಟ್ಟಿಗೆ ಇಡುವವರದೊಂದು ಗುಂಪು ಅವರ ಫೋನಿನಲ್ಲಿತ್ತು. ಅಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಕಾಡಿನ ಕಟ್ಟಿಗೆ ತಂದರೆ ಮೊದಲು ಕುದಿಸಿ, ಹಾವಸೆಯನ್ನು ಔಷಧದ ನೀರಿನಲ್ಲಿ ಅದ್ದಿ ತೆಗೆಯಿರಿ, ಬೂಷ್ಟು ಕಂಡರೆ ತಕ್ಷಣ ಒರೆಸಿ. ಬಾಯಾರು ಇದರಲ್ಲಿ ಒಂದನ್ನೂ ಮಾಡಲಿಲ್ಲ. "ಹಾವಸಿಗೆ ಜೀವ ಐತಿ ಅಂತ ತಂದಿಟಗೊಂಡು, ಬೂಷ್ಟಿಗೆ ಜೀವ ಇಲ್ಲಂತ ಯಾವ ಬಾಯಿಲೆ ಅನ್ಲಿ?" ಎನ್ನುವರು. ತರ್ಕದಲ್ಲಿ ಅವರನ್ನು ಗೆದ್ದವರಿಲ್ಲ. ಬೂಷ್ಟು ಮಾತ್ರ ತರ್ಕ ಕೇಳದೆ ಬೆಳೆಯಿತು. ಮೊದಲು ಕಟ್ಟಿಗೆಯ ಮೇಲೆ ಬೆಳ್ಳಗೆ, ಆಮೇಲೆ ಮಂಚದ ಹಿಂದಿನ ಗೋಡೆಯ ಮೇಲೆ ಬೂದಿಯ ಬಣ್ಣಕ್ಕೆ, ಕಡೆಗೆ ಕಿಟಕಿಯ ಪ್ಲಾಸ್ಟಿಕ್ಕಿನ ಮಡಿಕೆಗಳಲ್ಲಿ ಕಪ್ಪಗೆ. ಮುಚ್ಚಳ ತೆಗೆದಾಗ ಬರುವ ಗಾಳಿಯನ್ನು ಅವರು ಕಣ್ಣು ಮುಚ್ಚಿ ಎಳೆದುಕೊಳ್ಳುವರು. "ಜಾಂಬೋಟಿ ವಾಸನಿರಿ," ಎನ್ನುವರು. ನನಗೆ ಅದು ಬಹಳ ದಿವಸದಿಂದ ತೆರೆಯದ ಟ್ರಂಕಿನ ವಾಸನೆ.

ಅಷ್ಟರಲ್ಲಿ ನಮ್ಮ ಮಲಗುವ ಕೋಣೆಯ ಛತ್ತಿನಲ್ಲಿ ಒಂದು ಹಸಿರು ಕಲೆ ಕಾಣಿಸಿಕೊಂಡಿತು. ಸರಿಯಾಗಿ ಅವರ ಪೆಟ್ಟಿಗೆಗಳ ಕೆಳಗೆ. ನನ್ನ ಗಂಡ ಕೆರೆದು ಬಣ್ಣ ಹೊಡೆಸಿದರು. ಎರಡು ತಿಂಗಳಲ್ಲಿ ಮತ್ತೆ ಬಂತು, ಮೊದಲಿಗಿಂತ ಅಗಲವಾಗಿ. ಬಾಯಾರು ಕೆಳಗೆ ಬಂದು ಕೈಮುಗಿದು ತಪ್ಪೊಪ್ಪಿಕೊಂಡರು, ನೀರು ಸೋರದಂತೆ ತಗಡಿನ ತಾಟು ಇಡಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಛತ್ತಿನ ಕಲೆಯನ್ನೊಮ್ಮೆ ನೋಡಿ, "ಇದನ್ನ ಕೆರೀಲಿಲ್ಲಾಂದ್ರ ನಡೀತೈತೇನ್ರಿ?" ಎಂದು ಮೆಲ್ಲಗೆ ಕೇಳಿದರು. ನನ್ನ ಗಂಡನ ಮುಖ ನೋಡುವಂತಿತ್ತು.

ಕೆಮ್ಮು ಯಾವಾಗ ಶುರುವಾಯಿತೆಂದು ಹೇಳಲಾರೆ. ಒಣ ಕೆಮ್ಮು, ಕಫವಿಲ್ಲದ್ದು. ಮೊದಮೊದಲು ರಸ್ತೆಯ ಧೂಳಿಗೆ ಎಂದರು, ಆಮೇಲೆ ವಯಸ್ಸಿಗೆ ಎಂದರು. ಒಂದು ಸಂಗತಿ ಮಾತ್ರ ನಮಗೆಲ್ಲ ಕಾಣುತ್ತಿತ್ತು: ಪರ್ವದ ದಿನಗಳಿಗೆಂದು ಖಾನಾಪುರಕ್ಕೆ ಹೋಗಿ ಇದ್ದು ಬಂದರೆ ಕೆಮ್ಮು ಅರ್ಧಕ್ಕರ್ಧ ಇಳಿದಿರುತ್ತಿತ್ತು, ಮನೆಯ ಕೀಲಿ ತೆಗೆದ ಸಂಜೆಗೇ ಮತ್ತೆ ಏರುತ್ತಿತ್ತು. ಖಾನಾಪುರದ ಹವಾ ಛಲೋ ಎಂದು ಎಲ್ಲರೂ ತಲೆದೂಗಿದರು. ಮೆಟ್ಟಿಲು ಹತ್ತುವಾಗ ನಮ್ಮ ಬಾಗಿಲ ಬಳಿ ನಿಂತು ನನ್ನ ತುಳಸಿ ಕುಂಡವನ್ನು ನೋಡುವರು. ತುಳಸಿಯಲ್ಲಿ ನೋಡುವಂಥದೇನೂ ಇರಲಿಲ್ಲ, ಉಸಿರು ಹಿಂದಿರುಗಲಿ ಎಂದು ಕಾಯುತ್ತಿದ್ದರು. ಒಳಗೆ ನಿಂತ ನನಗೆ ಆ ಉಸಿರು ಕೇಳಿಸುತ್ತಿತ್ತು. ಅವರ ಉಗುರುಗಳು ಗಿಳಿಯ ಕೊಕ್ಕಿನಂತೆ ಬಾಗತೊಡಗಿದ್ದವು.

ಕಡೆಗೆ ನಾನೇ ಹಟ ಹಿಡಿದು ಅವರ ಹಳೆಯ ದವಾಖಾನೆಗೇ ಕರೆದುಕೊಂಡು ಹೋದೆ. ಸ್ಕ್ಯಾನಿನ ಫಿಲ್ಮು ಬಂದಾಗ ಡಾಕ್ಟರಿಗಿಂತ ಮೊದಲು ಅವರೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೇರೆ ಯಾರದೋ ಫಿಲ್ಮು ಎಂಬಂತೆ ಬೆರಳಿಟ್ಟು ನನಗೆ ತೋರಿಸಿದರು. "ಇಲ್ಲೆ ಕರ್ರಗ ಇರಬೇಕಾಗಿತ್ತರಿ, ಮಬ್ಬ ಆಗೇತಿ. ಉಸರು ಬಿಟ್ಟ ಗಾಜಿನಗತೆ ಕಾಣತೈತಲ್ಲ, ಇದಕ್ಕ ನಾವು ಗ್ರೌಂಡ್ ಗ್ಲಾಸ್ ಅಂತಿದ್ವಿ. ಇಷ್ಟ ಎದಿ ತುಂಬ ಇದ್ದವರು ಭಾಳ ದಿನ ಬರತಿದ್ದಿಲ್ಲ." ದನಿ ಒಂದಿಷ್ಟೂ ನಡುಗಲಿಲ್ಲ.

ಡಾಕ್ಟರು ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದವರು. ಪೆಟ್ಟಿಗೆಗಳ ವಿಷಯ ನಾನೇ ಬಾಯಿಬಿಟ್ಟೆ. ಅವರು ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟರು. "ಬಾಯಾರ, ಬೀಡಿ ಸೇದವರಿಗೆ ಬೀಡಿ ಬಿಡ್ರಿ ಅಂತೇನಿ. ನೀವು ಬೂಷ್ಟ ಸೇದಾಕತ್ತೀರಿ, ಅದೂ ಕದಾ ಹಾಕ್ಕೊಂಡು. ಆ ಪೆಟಗಿ ಮನ್ಯಾಗಿಂದ ಹೊರಗ ಹೋಗಬೇಕು, ಮನಿ ಪೂರಾ ತೊಳೀಬೇಕು. ಅಷ್ಟಾದ್ರ ಈಗ ಉಳದಷ್ಟ ಎದಿ ಉಳೀತೈತಿ, ಇನ್ನೂ ಎಷ್ಟೋ ವರ್ಷ ಅಡ್ಡಾಡ್ತೀರಿ. ಇಲ್ಲಾಂದ್ರ ನನ್ನ ಗುಳಗಿಲೆ ಏನೂ ಆಗೂದಿಲ್ಲ. ಒಂದ ಆ ಪೆಟಗಿ ಇರಬೇಕು, ಇಲ್ಲಾ ನೀವು ಇರಬೇಕು."

ಇಷ್ಟು ಬಿಡಿಸಿ ಹೇಳಿದ ಮೇಲೆ ಯಾರಾದರೂ ಆ ಸಂಜೆಯೇ ಪೆಟ್ಟಿಗೆಗಳನ್ನು ಹೊರಗೆ ಒಗೆದಿರುತ್ತಿದ್ದರು. ಬಾಯಾರು ಒಗೆಯಲಿಲ್ಲ. ಯಾರಿಗಾದರೂ ಕೊಡಿ ಎಂದೆ. "ನನ್ನ ಎದಿ ತಿಂದದ್ದನ್ನ ಮತ್ತೊಬ್ಬರ ಮನಿಗಿ ಹೆಂಗ ಕಳಸ್ಲಿ?" ಎಂದರು. ಹೊರಗೆ ಬಾಲ್ಕನಿಯಲ್ಲಿ ಇಡಿ ಎಂದೆ. ಇಟ್ಟರು. ಬೇಸಿಗೆಯ ಆ ಬಿಸಿಲಿಗೆ ಮುಚ್ಚಿದ ಗಾಜಿನೊಳಗೆ ಬೇಯತೊಡಗಿತು; ಮುಚ್ಚಳ ತೆಗೆದರೆ ಒಣಗತೊಡಗಿತು. ಹಾವಸೆಯ ಅಂಚು ಹುರಿದ ಕಾಫಿಯ ಬಣ್ಣಕ್ಕೆ ತಿರುಗಿದ್ದೇ ತಡ, ಏದುಸಿರು ಬಿಡುತ್ತ ಒಂದೊಂದನ್ನೇ ತಿರುಗಿ ಒಳಗೆ ಹೊತ್ತರು. ನನಗೆ ತಡೆಯಲಾಗಲಿಲ್ಲ. "ಹಂಗಾರ ಸಾಯ್ರಿ," ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನನ್ನನ್ನು ಮಂಚದ ಮೇಲೆ ಕೂಡಿಸಿ ಒಂದು ಮಾತು ಹೇಳಿದರು.

"ಖಾನಾಪುರದಾಗ ನಮ್ಮವ್ವ ಬಾವಿ ನೀರ ಸೇದಿ ಅರಬಿಲೆ ಸೋಸ್ತಿದ್ದಳ್ರಿ. ಸೋಸಿದ ಅರಬಿ ಹಿಂಡತಿದ್ದಿಲ್ಲ. ಅದ್ರಾಗ ಉಳದ ಜೀವ ಇರ್ತಾವಲ್ಲ, ಅರಬಿ ತಿರುವಿ ಹಾಕಿ, ಮ್ಯಾಲ ಸೋಸಿದ ನೀರ ಸುರದು, ಆ ನೀರನ್ನ ಕೊಡದಾಗ ಇಳಿಬಿಟ್ಟು ತಿರಗಿ ಅದ ಬಾವಿಗೆ ಮುಟ್ಟಸ್ತಿದ್ದಳು. ಬಾಜು ಮನಿ ಬಾವಿಗೂ ಹಾಕತಿದ್ದಿಲ್ಲ. ಒಂದ ಬಾವಿ ಜೀವ ಇನ್ನೊಂದ ಬಾವ್ಯಾಗ ಹಾಕಿದ್ರ ಎರಡೂ ಕಡೆ ಸಾಯ್ತಾವ ಅಂತಿದ್ದಳು. ಮಳಿ ಹತ್ತಲಿ ಅಕ್ಕೋರ. ಎಲ್ಲಾ ತಗೊಂಡು ಹೋಗಿ ಆ ನೇರಲ ಗಿಡಕ್ಕ ಮುಟ್ಟಸೂಣು. ಆಮ್ಯಾಲ ಮನಿ ತೊಳೀತೇನಿ, ನೀವು ಹೇಳಿದಂಗ ಕೇಳ್ತೇನಿ."

ನನಗೆ ಆದ ಸಂತೋಷ ಹೇಳತೀರದು. ಮಳೆ ಹತ್ತುವ ತನಕ ದಿನಕ್ಕೊಮ್ಮೆ ಆಕಾಶ ನೋಡಿದೆ. ಜೀವನದಲ್ಲಿ ಅಷ್ಟು ಆಸೆಯಿಂದ ಮಳೆ ಕಾದದ್ದು ಬೇರೆ ಇಲ್ಲ.

ಮಳೆ ಹತ್ತಿದ ಮೊದಲ ಭಾನುವಾರ ನನ್ನ ಸಣ್ಣ ಕಾರಿನ ಡಿಕ್ಕಿಯಲ್ಲಿ ಮೂರೂ ಪೆಟ್ಟಿಗೆಗಳನ್ನು ಚಾದರ ಸುತ್ತಿ ಇಟ್ಟುಕೊಂಡು ಹೊರಟೆವು. ನನ್ನ ಡ್ರೈವಿಂಗಿಗೆ ಮನೆಮಂದಿಯೇ ಹೆದರುತ್ತಾರೆ, ಆದರೆ ಬಾಯಾರು ಆ ದಿನ ಚಿಕ್ಕ ಹುಡುಗಿಯಂತೆ ಉಲ್ಲಾಸದಲ್ಲಿದ್ದರು. ದೇಸೂರು ದಾಟುವಾಗ, "ಮನಿ ತೊಳದ ಮ್ಯಾಲ ನಿಮ್ಮ ಛತ್ತಿಗೂ ಬಣ್ಣ ನಾನ ಹಚ್ಚಸ್ತೇನಿ," ಎಂದರು. ಖಾನಾಪುರದಲ್ಲಿ ತಮ್ಮನ ಮನೆಯಲ್ಲಿ ಊಟ. ಹಂಚಿನ ವ್ಯಾಪಾರದ ಆ ಮನುಷ್ಯ ಡಿಕ್ಕಿ ತೆಗೆದು ನೋಡಿ ಹಣೆ ಬಡಿದುಕೊಂಡರು. "ಅಕ್ಕಾ, ವೇಡಿ ಆಗೀಯೇನ, ಹುಚ್ಚ ಹಿಡದೈತೇನ? ಹಾವಸಿನ ಯಾರರ ಕಾರಿನ್ಯಾಗ ಕುಂಡರಿಸಿ ತವರಿಗಿ ಕಳಸ್ತಾರೇನ?" ಎಂದು ನಕ್ಕರು. ನಾವೂ ನಕ್ಕೆವು.

ಜಾಂಬೋಟಿ ದಾಟಿದ ಮೇಲೆ ಮಳೆ ಗಾಜಿನ ಮೇಲೆ ಕೂತುಬಿಟ್ಟಿತು. ಬಾಯಾರು ಮುಂದಕ್ಕೆ ಬಾಗಿ, ಆ ಮೋರಿ, ಆಮೇಲೆ ಏರು, ಏರು ಮುಗಿದ ಮೇಲೆ ತಿರುವು ಎಂದು ದಾರಿ ಹೇಳುತ್ತಿದ್ದರು. ಏರು ಮುಗಿದಲ್ಲಿ ನಾನೇ ಕಾರು ನಿಲ್ಲಿಸಿದೆ. ಅಲ್ಲಿ ತಿರುವು ಇರಲಿಲ್ಲ. ರಸ್ತೆ ನೆಟ್ಟಗಾಗಿತ್ತು, ಅಗಲವಾಗಿತ್ತು. ಎರಡೂ ಬದಿಗೆ ಕೊರೆದ ಕೆಂಪು ಮಣ್ಣಿನ ಗೋಡೆ, ಅದರಿಂದ ಇಳಿಯುವ ಕೆಂಪು ನೀರು. ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸನ್ನು ಬಾಯಾರು ಮರಾಠಿಯಲ್ಲಿ ಕೇಳಿದರು. ಅವಳು ಕೈ ಆಡಿಸಿ ಹೇಳಿದ್ದು ನನಗೂ ತಿಳಿಯಿತು: ನೇರಲ ಮರವೇ, ಅದನ್ನು ಬೇಸಿಗೆಯಲ್ಲೇ ಕಡಿದರು, ಬೇರನ್ನೂ ಮಶೀನು ಕಿತ್ತುಕೊಂಡು ಹೋಯಿತು.

ಬಾಯಾರು ಕೊಡೆ ಹಿಡಿದು ಆ ಕೆಂಪು ನೀರಿನಲ್ಲಿ ಬಹಳ ಹೊತ್ತು ನಿಂತರು. ನಾನು ಡಿಕ್ಕಿ ತೆಗೆದೆ. "ಈ ಕಾಡಿನ್ಯಾಗ ಗಿಡಕ್ಕೇನ ಬರಗಾಲ ಐತ್ರಿ? ಅಲ್ನೋಡ್ರಿ, ಅದೂ ನೇರಲನ. ಅದರ ಬಡ್ಡಿಗೆ ಇಡೂಣು ಬರ್ರಿ," ಎಂದೆ.

"ಅದು ಬ್ಯಾರೆ ಬಾವಿರಿ, ಅಕ್ಕೋರ. ನನ್ನ ಮನಿ ಬೂಷ್ಟ ಇದಕ್ಕ ಹತ್ತೇತಿ. ಅದಕ್ಕೂ ಹತ್ತತೈತಿ."

"ಹಂಗಾರ ನೀವು ಕಾರಿನ್ಯಾಗ ಕುಂದರ್ರಿ. ನಾ ಇಡ್ತೇನಿ. ಪಾಪ ಬಂದ್ರ ನನಗ ಬರ್ಲಿ."

ಅವರು ನನ್ನ ಮುಖ ನೋಡಿದರು. "ನಮ್ಮೊಳಗ ಹಂಗ ತಪ್ಪಿಸ್ಕೊಳ್ಳಾಕ ಬರೂದಿಲ್ರಿ. ಮಾಡೂದೂ ಅಷ್ಟ, ಮಾಡಸೂದೂ ಅಷ್ಟ, ಮಾಡಿದ್ದಕ್ಕ ಹೂಂ ಅನ್ನೂದೂ ಅಷ್ಟ."

ಇಷ್ಟು ಹೇಳಿ ಕೊಡೆ ಮಡಚಿ ಕಾರಿನಲ್ಲಿ ಹೋಗಿ ಕುಳಿತರು. ಗಾಜು ಏರಿಸಿಕೊಂಡರು. ಕಣ್ಣು ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಅಲ್ಲಾಡದೆ ಕುಳಿತರು. ನಾನು ತೆರೆದ ಡಿಕ್ಕಿಯ ಮುಂದೆ ತೊಯ್ಯುತ್ತ ನಿಂತಿದ್ದೆ. ಚಾದರ ಸರಿಸಿ ಪೆಟ್ಟಿಗೆಯ ಅಂಚನ್ನು ಹಿಡಿದೆ ಕೂಡ. ಆಮೇಲೆ, ಸಾಯುವವರ ವ್ರತ ಮುರಿಯಲು ನಾನ್ಯಾರು, ಅವರ ದೇವರ ಜೊತೆ ನನ್ನದೇನು ಜಗಳ ಎನ್ನಿಸಿತು. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಡಿಕ್ಕಿಯ ಬಾಗಿಲು ಮುಚ್ಚಿದೆ. ಆ ಸದ್ದಿಗೆ ಅವರು ಕಣ್ಣು ತೆರೆದು ಮುಂದಿನ ಗಾಜನ್ನೇ ನೋಡತೊಡಗಿದರು.

ಪೆಟ್ಟಿಗೆಗಳು ತಿರುಗಿ ಮಂಚದ ಬದಿಗೆ ಹೋದವು. ಆ ಮಳೆಗಾಲದಲ್ಲಿ ಹೂ ಬಿಟ್ಟವಂತೆ, ಬಹಳ. ನಾನು ನೋಡಲು ಹೋಗಲಿಲ್ಲ. ಡಾಕ್ಟರು ಮನೆಗೇ ಬಂದು ಬೈದು ಹೋದರು. ತಮ್ಮ ಬಂದು ಖಾನಾಪುರಕ್ಕೆ ಕರೆದರೆ, "ಇವನ್ನ ಯಾರು ನೋಡ್ತಾರ?" ಎಂದರು. ಅವರು ಬೇಡವೆಂದ ಮೇಲೆ ಯಾರೂ ಪೆಟ್ಟಿಗೆಗೆ ಕೈ ಹಚ್ಚಲಿಲ್ಲ. ಅಷ್ಟು ಮರ್ಯಾದೆ ನಮಗೆಲ್ಲ ಅವರ ಮೇಲೆ. ನವರಾತ್ರಿಯ ಹೊತ್ತಿಗೆ ನಮ್ಮ ಬಾಗಿಲವರೆಗೂ ಇಳಿಯಲಾಗದಂತಾದರು. ದವಾಖಾನೆಗೆ ಒಯ್ಯುವಾಗ ಕುರ್ಚಿಯಲ್ಲಿ ಕೂಡಿಸಿ ಇಳಿಸಬೇಕಾಯಿತು.

ಅಲ್ಲಿ ನಾನು ದಿನಾ ಶಾಲೆ ಬಿಟ್ಟ ಮೇಲೆ ಹೋಗಿ ಕೂಡುತ್ತಿದ್ದೆ. ಆಕ್ಸಿಜನ್ ಮಾಸ್ಕ್ ಹಾಕಿದ್ದರಿಂದ ಮಾತು ಕಡಿಮೆ. ಒಂದು ಸಂಜೆ ಔಷಧ ತರಲು ಅವರ ತಮ್ಮ ಕೆಳಗೆ ಹೋಗಿದ್ದರು. ಬಾಯಾರು ನನ್ನ ಕೈ ಹಿಡಿದು ಮಾಸ್ಕನ್ನು ಗದ್ದಕ್ಕೆ ಸರಿಸಿದರು.

"ಅಕ್ಕೋರ, ನನಗ ಹೆದರಿಕಿ ಆಗತೈತ್ರಿ."

ಅವರ ಬಾಯಿಂದ ಆ ಮಾತು ಬಂದೀತೆಂದು ನಾನು ಎಣಿಸಿರಲಿಲ್ಲ. "ಏನೂ ಆಗೂದಿಲ್ರಿ," ಎಂದೆ, ಎಲ್ಲರೂ ಹೇಳುವ ಸುಳ್ಳನ್ನೇ.

"ಆವತ್ತ ಜಾಂಬೋಟಿ ರಸ್ತೇದಾಗ ಕಣ್ಣ ಮುಚ್ಚಿ ಕುಂತಿದ್ನೆಲ್ರಿ."

"ಹೂಂ. ಣಮೋಕಾರ ಮಂತ್ರಾ ಅನ್ನಾಕತ್ತಿದ್ರಿ."

"ಇಲ್ರಿ." ಉಸಿರು ಸಾಲದೆ ತಡೆದರು. ಮಾಸ್ಕ್ ಹಾಕಹೋದ ನನ್ನ ಕೈಯನ್ನು ತಳ್ಳಿದರು. "ಎಷ್ಟೊತ್ತ ಕಾಯ್ಕೋತ ಕುಂತಿದ್ನಿ. ನನಗ ಹೇಳಾಕ ಬರತಿದ್ದಿಲ್ಲ. ಹೂಂ ಅನ್ನಾಕೂ ಬರತಿದ್ದಿಲ್ಲ. ನೀವಾದ್ರೂ ಒಗೀಬೇಕಿತ್ತಲ್ರಿ, ಅಕ್ಕೋರ."

ಮಾಸ್ಕನ್ನು ತಾವೇ ಮೂಗಿಗೆ ಏರಿಸಿಕೊಂಡು ಗೋಡೆಯ ಕಡೆ ತಿರುಗಿದರು. ತಮ್ಮ ಬಂದು ಎಬ್ಬಿಸುವ ತನಕ ನಾನು ಅಲ್ಲೇ ಕುಳಿತಿದ್ದೆ, ಅವರು ಮತ್ತೆ ಈ ಕಡೆ ತಿರುಗಲಿಲ್ಲ. ಮರುದಿನ ಶಾಲೆ ಬಿಟ್ಟು ಹೋಗುವಷ್ಟರಲ್ಲಿ ಆ ಮಂಚಕ್ಕೆ ಬೇರೆ ಚಾದರ ಹಾಸುತ್ತಿದ್ದರು.